ಹಾಲಕ್ಕಿಯ ಪೊಟರೆಯ ಮುಂದೆ

ಹಳೆಯ ಶಿಷ್ಯನೊಬ್ಬ ಕಳೆದ ವಾರ ಒಂದು ಛಾಯಾಚಿತ್ರ ಕಳುಹಿಸಿದ್ದ. ಲಾಲ್‌ಬಾಗಿನ ಮರವೊಂದರ ಪೊಟರೆಯಲ್ಲಿ ಹಾಲಕ್ಕಿಯ ಎರಡು ಮರಿಗಳು. ಕಣ್ಣಿನ ಹಳದಿ ಬಳೆಯೂ ಸ್ಪಷ್ಟವಾಗಿ ಮೂಡಿತ್ತು. ‘ಹೇಗಿದೆ ಮೇಷ್ಟ್ರೇ?’ ಎಂದು ಕೇಳಿದ್ದ. ಮೂರು ದಿನ ಉತ್ತರ ಬರೆಯಲಾಗಲಿಲ್ಲ. ಚಿತ್ರ ಚೆನ್ನಾಗಿತ್ತು, ತೊಂದರೆಯೇ ಅದು.

ನಮ್ಮ ಬಾಲ್ಯದಲ್ಲಿ ಹಾಲಕ್ಕಿಯೆಂದರೆ ಬುಡುಬುಡಿಕೆಯವನ ಶಕುನದ ಹಕ್ಕಿ. ಈಗ ಅದರ ಗೂಡು ಪತ್ತೆಯಾದರೆ ಸಾಕು, ಸಂಜೆಯೊಳಗೆ ಹತ್ತಾರು ಮೊಬೈಲುಗಳಿಗೆ ಸುದ್ದಿ ಮುಟ್ಟಿ, ಮರುದಿನ ಬೆಳಿಗ್ಗೆ ಮರದ ಬುಡದಲ್ಲಿ ಸಾಲು ಸಾಲು ಲೆನ್ಸುಗಳು. ಜನರ ಗದ್ದಲಕ್ಕೆ ಬೆದರಿದ ತಾಯಿ ಹಗಲಿನಲ್ಲಿ ಹೊರಬಿತ್ತೋ, ಕಾಗೆ, ಕಾಜಾಣಗಳು ಮುತ್ತಿಕೊಳ್ಳುತ್ತವೆ. ಇನ್ನು ಕೆಲವರು ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಅದನ್ನು ಬಳಿಗೆ ಕರೆಯುತ್ತಾರೆ. ತನ್ನ ಎಲ್ಲೆಯೊಳಗೆ ಎದುರಾಳಿ ಬಂದನೆಂದು ನಂಬಿ ಅದು ಮೇವು ಬಿಟ್ಟು ಓಡಿ ಬರುತ್ತದೆ. ಇದನ್ನು ನಾನು ಮೋಸವೆಂದೇ ಕರೆಯುತ್ತೇನೆ.

ಉಪದೇಶ ಸುಲಭ. ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನಿವೃತ್ತನಾದ ವರ್ಷ ಮಗ ಡಿಜಿಟಲ್ ಕ್ಯಾಮೆರಾ ಕೊಡಿಸಿದ್ದ. ಮನೆಯ ಹತ್ತಿರದ ಪುಟ್ಟ ಉದ್ಯಾನದಲ್ಲಿ ದರ್ಜಿಹಕ್ಕಿಯೊಂದು ಎಲೆಗಳನ್ನು ಸೇರಿಸಿ ಹೊಲಿದು ಗೂಡು ಕಟ್ಟಿತ್ತು. ಒಳಗಿನ ಮರಿಗಳ ಚಿತ್ರಕ್ಕಾಗಿ ಅಡ್ಡವಿದ್ದ ಕಡ್ಡಿಯೊಂದನ್ನು ದಾರದಿಂದ ಹಿಂದಕ್ಕೆ ಕಟ್ಟಿದೆ, ಬಿಚ್ಚುವುದನ್ನು ಮರೆತೆ. ಮರುದಿನ ಗೂಡು ಬರಿದಾಗಿತ್ತು, ಮೇಲಿನ ಕೊಂಬೆಯಲ್ಲಿ ಕಾಗೆ ಕುಳಿತಿತ್ತು. ಎಲೆಗಳ ಮರೆಯೇ ಆ ಮರಿಗಳಿಗಿದ್ದ ಏಕೈಕ ರಕ್ಷಣೆ ಎಂಬುದು, ನಲವತ್ತು ಮಕ್ಕಳಿಗೆ ಜೀವಶಾಸ್ತ್ರ ಬೋಧಿಸುತ್ತಿದ್ದವನಿಗೆ ತಿಳಿದಿರಲಿಲ್ಲವೆಂದಲ್ಲ. ಆ ಚಿತ್ರ ಇಂದಿಗೂ ನನ್ನಲ್ಲಿದೆ. ಯಾರಿಗೂ ತೋರಿಸಿಲ್ಲ.

ಹಾಗೆಂದು ಕ್ಯಾಮೆರಾ ಬೇಡವೆನ್ನುವವನು ನಾನಲ್ಲ. ಪೂರ್ಣಚಂದ್ರ ತೇಜಸ್ವಿಯವರೂ ಕ್ಯಾಮೆರಾ ಹಿಡಿದೇ ಹಕ್ಕಿಗಳ ಲೋಕವನ್ನು ಕನ್ನಡಿಗರಿಗೆ ತೆರೆದಿಟ್ಟವರು. ಗೂಡೊಂದನ್ನು ಬಿಟ್ಟುಬಿಡಿ ಎಂಬುದಷ್ಟೇ ನನ್ನ ವಾದ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಯಷ್ಟಿದೆ, ನೋಡುವುದಕ್ಕೇನು ಬರವೇ? ಮಳೆಮರದ ಒಂದೇ ಕೊಂಬೆಯನ್ನು ನಡುಹಗಲಲ್ಲೊಮ್ಮೆ, ಮುಸ್ಸಂಜೆಯಲ್ಲೊಮ್ಮೆ ತೆಗೆದು ನೋಡಿ, ಎಲೆಗಳು ಮಡಚಿಕೊಂಡಿರುತ್ತವೆ. ಕಂಚುಗಾರ ಹಕ್ಕಿ ಒಣಕೊಂಬೆಯಲ್ಲಿ ಬಿಲ ಕೊರೆದು ಗೂಡು ಮಾಡುತ್ತದೆ. ಒಣಗಿದ್ದೆಂದು ಕಡಿಯಹೊರಟವರಿಗೆ ತೋರಿಸಲು ದೂರದಿಂದ ತೆಗೆದ ಮಸುಕು ಚಿತ್ರವೇ ಸಾಕು. ದಿನಾಂಕ, ಸ್ಥಳ ಬರೆದಿಟ್ಟರೆ ಅಂಥ ಚಿತ್ರವೂ ದಾಖಲೆಯೇ.

ಶಿಷ್ಯನಿಗೆ ನಿನ್ನೆ ಬರೆದೆ: ‘ಚಿತ್ರ ಚೆನ್ನಾಗಿದೆ. ಮರ ಎಲ್ಲಿದೆಯೆಂದು ಇನ್ನು ಯಾರಿಗೂ ಹೇಳಬೇಡ, ನನಗೂ ಬೇಡ. ಭಾನುವಾರ ಬೆಳಿಗ್ಗೆ ಆರೂವರೆಗೆ ಗಾಜಿನ ಮನೆಯ ಹತ್ತಿರ ಬಾ. ಕಾಫಿ ನಾನು ತರುತ್ತೇನೆ.’