ಶುಗರಿನ ಬಾರ್ಡರ್ ಎಲ್ಲಿ?

'ಬಾರ್ಡರ್‌ನಲ್ಲಿದೆಯಂತೆ' ಎನ್ನುವ ಮಾತು ಈಗ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳುತ್ತದೆ. ಖಾಲಿ ಹೊಟ್ಟೆಯ ಶುಗರ್ 104 ಮಿಲಿಗ್ರಾಂ ಎಂದು ಲ್ಯಾಬ್ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬಂದಿರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ವಿವರಣೆ: 100ರಿಂದ 125 ಇದ್ದರೆ ಪ್ರಿಡಯಾಬಿಟಿಸ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹಿಡಿದರೆ ಇದೇ 104ರಲ್ಲಿ ಎಚ್ಚರಿಸುವಂಥದ್ದು ಏನೂ ಇಲ್ಲ. ಅಲ್ಲಿ ಗೆರೆ ಶುರುವಾಗುವುದೇ 110ಕ್ಕೆ.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2003ರಲ್ಲಿ ಈ ಗೆರೆಯನ್ನು 110ರಿಂದ 100ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮತ್ತೆ ಪರಿಶೀಲಿಸಿ, ಇಳಿಸುವುದರಿಂದ ಜನರಿಗೆ ಲಾಭವಾಗುತ್ತದೆ ಎನ್ನಲು ಪುರಾವೆ ಸಾಲದು ಎಂದು 110ನ್ನೇ ಉಳಿಸಿಕೊಂಡಿತು. ಆ ಜಗಳ ಇನ್ನೂ ಮುಗಿದಿಲ್ಲ. ಮುಗಿಯುವುದು ಕಷ್ಟವೂ ಹೌದು. ಸಕ್ಕರೆ ಕಾಯಿಲೆಗೆ ನಿಗದಿಯಾದ 126ರ ಹಿಂದೆ ದೇಹವೇ ಕೊಡುವ ಒಂದು ಗುರುತಿದೆ: ಸುಮಾರು ಆ ಮಟ್ಟ ದಾಟಿದವರಲ್ಲಿ ಕಣ್ಣಿನ ಅಕ್ಷಿಪಟಲ ಕೆಡುವುದು ಹೆಚ್ಚುತ್ತದೆ. 100ರಲ್ಲಾಗಲಿ 110ರಲ್ಲಾಗಲಿ ಅಂಥ ಗುರುತಿಲ್ಲ. ಅಪಾಯ ನಿಧಾನಕ್ಕೆ ಏರುತ್ತ ಹೋಗುತ್ತದೆ, ಎಲ್ಲಿ ಗೆರೆ ಎಳೆಯಬೇಕೆಂದು ಸಮಿತಿ ಕೂತು ತೀರ್ಮಾನಿಸಬೇಕು.

ಇಳಿಸಿದವರ ವಾದ ಹಗುರವಾದದ್ದಲ್ಲ. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಇಳಿಸಿ ವಾರಕ್ಕೆ 150 ನಿಮಿಷ ಮೈ ದಂಡಿಸಿದವರಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು. ನಮಗೆ ಇನ್ನೂ ಹತ್ತಿರದ್ದು ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ. ವಿಶೇಷ ಸಲಹೆ, ಔಷಧ ಏನೂ ಸಿಗದ ಗುಂಪಿನಲ್ಲಿ ಸುಮಾರು ಮೂರು ವರ್ಷದೊಳಗೆ ನೂರಕ್ಕೆ 55 ಜನರಿಗೆ ಕಾಯಿಲೆ ಬಂದಿತ್ತು. ಅಮೆರಿಕದ ಅಂಥದೇ ಗುಂಪಿನಲ್ಲಿ ಆ ಸಂಖ್ಯೆ 29ರ ಆಸುಪಾಸು. ನಮ್ಮ ಜನ ಬಾರ್ಡರ್ ದಾಟುವುದು ಬೇಗ. ಹಾಗಾದರೆ ಬೇಗ ಎಚ್ಚರಿಸಿದರೆ ತಪ್ಪೇನು? ಚೆನ್ನೈನಲ್ಲೂ ಊಟ, ನಡಿಗೆ ತಿದ್ದಿಕೊಂಡವರಲ್ಲಿ ಅಪಾಯ ಶೇ 28ರಷ್ಟು ತಗ್ಗಿತ್ತು.

ಎದುರು ಪಕ್ಷ ಕೇಳುವುದು, ಎಷ್ಟು ಜನರನ್ನು ಎಚ್ಚರಿಸುತ್ತೀರಿ ಎಂದು. ಅಮೆರಿಕದ ಗೆರೆ ಹಿಡಿದು ಚೀನಾದಲ್ಲಿ ಎಣಿಸಿದಾಗ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಪ್ರಿಡಯಾಬಿಟಿಸ್‌ನವರಾದರು. ಊರಿನ ಅರ್ಧ ಜನರನ್ನು ರೋಗಿಗಳ ಸಾಲಿಗೆ ಸೇರಿಸಿದರೆ ಯಾರಿಗೆ ಉಪಕಾರ ಎಂದು ಜಾನ್ ಯುಡ್ಕಿನ್, ವಿಕ್ಟರ್ ಮೊಂಟೋರಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಖಾರವಾಗಿಯೇ ಬರೆದರು. ವಯಸ್ಸಾದವರ ವಿಷಯದಲ್ಲಂತೂ ಅವರ ಮಾತಿಗೆ ಬಲವಿದೆ. ಎಪ್ಪತ್ತು ದಾಟಿದ ಅಮೆರಿಕನ್ನರನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಖಾಲಿ ಹೊಟ್ಟೆಯ ಶುಗರ್ ಬಾರ್ಡರ್‌ನಲ್ಲಿದ್ದವರ ಪೈಕಿ ಕಾಯಿಲೆಗೆ ತಿರುಗಿದವರು ನೂರಕ್ಕೆ ಎಂಟು, ತಾವಾಗಿ ಸಾಮಾನ್ಯ ಮಟ್ಟಕ್ಕೆ ಮರಳಿದವರು 44. ನಮ್ಮಲ್ಲಿ ಎಪ್ಪತ್ತೈದರ ಅಜ್ಜಿಗೆ 104 ಬಂತೆಂದು ಹಬ್ಬದ ಹೋಳಿಗೆ ತಪ್ಪಿಸುವ ಮಕ್ಕಳಿದ್ದಾರೆ. (ಅದೇ ಮನೆಯಲ್ಲಿ ನಲವತ್ತರ ಮಗ ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿಯುತ್ತ ನಿಶ್ಚಿಂತೆಯಿಂದ ಇರುತ್ತಾನೆ. ಬೆಲ್ಲವೂ ಶುಗರ್ ಏರಿಸುತ್ತದೆ.)

ಅಳತೆಯನ್ನೂ ಪೂರ್ತಿ ನಂಬುವಂತಿಲ್ಲ. ತೆಗೆದಿಟ್ಟ ರಕ್ತದಲ್ಲಿ ಜೀವಕೋಶಗಳು ಗ್ಲೂಕೋಸ್ ಬಳಸುತ್ತಲೇ ಇರುತ್ತವೆ. ತಡೆಯದಿದ್ದರೆ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ತಾಲ್ಲೂಕಿನಲ್ಲಿ ತೆಗೆದ ಸ್ಯಾಂಪಲ್ ದೂರದ ಲ್ಯಾಬ್ ಸೇರುವಷ್ಟರಲ್ಲಿ 110 ಇದ್ದದ್ದು 100ರ ಒಳಗೆ ಬಂದಿರಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಈ ತೊಂದರೆ ಇಲ್ಲ, ಆದರೆ ಕಬ್ಬಿಣಾಂಶ ಕಡಿಮೆಯಿದ್ದವರಲ್ಲಿ ಅದು ಸುಮ್ಮನೆ ಮೇಲೆ ತೋರಿಸಬಹುದು. 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಚೆನ್ನೈನ ಅಧ್ಯಯನಕ್ಕೆ ಸೇರಿದವರು ಖಾಲಿ ಹೊಟ್ಟೆಯಲ್ಲಿ 104 ಬಂತೆಂದು ಆಯ್ಕೆಯಾದವರಲ್ಲ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ನೋಡಿದಾಗ 140ರಿಂದ 199ರ ನಡುವೆ ಬಂದವರು, ಅದೂ ಎರಡು ಸಲ. ಅಮೆರಿಕದ ಅಧ್ಯಯನವೂ ಈ ಪರೀಕ್ಷೆಯನ್ನೇ ನೆಚ್ಚಿಕೊಂಡಿತ್ತು. ಲಾಭ ಸಾಬೀತಾದದ್ದು ಒಂದು ಗುಂಪಿನಲ್ಲಿ, ಹಣೆಪಟ್ಟಿ ಬೀಳುತ್ತಿರುವುದು ಇನ್ನೂ ದೊಡ್ಡದೊಂದು ಗುಂಪಿಗೆ. ಹಾಗಾಗಿ ವಯಸ್ಸಾದವರ 104ನ್ನು ನಾನು ಸುಮ್ಮನೆ ಬಿಡುತ್ತೇನೆ. ಹೊಟ್ಟೆ ಬಂದ, ತಂದೆ ತಾಯಿಗೆ ಶುಗರ್ ಇರುವ ಮೂವತ್ತೈದರ ಹುಡುಗನ 104ಕ್ಕೆ ಅಮೆರಿಕದ ಗೆರೆಯೇ ಇರಲಿ, ಆದರೆ ಅವನು ಮುಂದೆ ಮಾಡಿಸಬೇಕಾದದ್ದು ಈ ಗ್ಲೂಕೋಸ್ ನೀರಿನ ಪರೀಕ್ಷೆ. ಅದಕ್ಕೆ ಬೆಳಗಿನ ಎರಡೂವರೆ ಗಂಟೆ ಲ್ಯಾಬಿನಲ್ಲಿ ಕೂರಬೇಕು. ರಿಯಾಯಿತಿ ದರದ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಅದನ್ನು ಹುಡುಕಿದರೆ ಸಿಗುವುದು ಅಪರೂಪ.