ಬ್ರೆಜಿಲಿನ ಸೊನ್ನೆಗಳು

ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆಂದು ನಮ್ಮಲ್ಲಿ ಗಾದೆಯುಂಟು. ಬ್ರೆಜಿಲ್ ದೇಶದಲ್ಲಾದರೋ ಹಣವೇ ಮತ್ತೆ ಮತ್ತೆ ಹೆಣವಾಗಿ ಹೊಸ ಹೆಸರಿನಿಂದ ಹುಟ್ಟಿ ಬರುತ್ತಿತ್ತು.

ಪೋರ್ಚುಗೀಸರ ಕಾಲದಿಂದ ನಡೆದುಬಂದ ರೇಯಿಸ್ 1942ರಲ್ಲಿ ಹೋಯಿತು; ಸಾವಿರ ರೇಯಿಸಿಗೆ ಒಂದರಂತೆ ಕ್ರುಜೇರೊ ಬಂದಿತು. 1967ರಲ್ಲಿ ಸಾವಿರ ಕ್ರುಜೇರೊ ಸೇರಿ ಒಂದು ‘ಹೊಸ ಕ್ರುಜೇರೊ’ ಆಯಿತು. 1970ರಲ್ಲಿ ‘ಹೊಸ’ ಎಂಬ ಮಾತು ಉದುರಿತು. 1986ರಲ್ಲಿ ಕ್ರುಜಾಡೊ, 1989ರಲ್ಲಿ ಹೊಸ ಕ್ರುಜಾಡೊ, 1990ರಲ್ಲಿ ಮರಳಿ ಕ್ರುಜೇರೊ, 1993ರಲ್ಲಿ ಕ್ರುಜೇರೊ ರಿಯಲ್! 1970 ಮತ್ತು 1990ರಲ್ಲಿ ಬದಲಾದದ್ದು ಬರಿಯ ಹೆಸರು. ಉಳಿದ ಸಲವೆಲ್ಲ ಮೂರು ಮೂರು ಸೊನ್ನೆ ಅಳಿಸಿದರು. ಹೊಸ ನೋಟು ಅಚ್ಚಾಗುವ ತನಕ ಹಳೆಯ ನೋಟಿನ ಮೇಲೆಯೇ ಮುದ್ರೆಯೊತ್ತಿ ಚಲಾವಣೆಗೆ ಬಿಟ್ಟರು. ಆ ನಾಡಿನ ಮಹಾ ಕಾದಂಬರಿಕಾರ ಮಶಾದೊ ದೆ ಅಸ್ಸಿಸ್‌ನ ಚಿತ್ರವಿದ್ದ ಸಾವಿರ ಕ್ರುಜಾಡೊ ನೋಟು 1989ರಲ್ಲಿ ಇಂಥ ಮುದ್ರೆ ಬಿದ್ದು ಒಂದು ಹೊಸ ಕ್ರುಜಾಡೊ ಆಯಿತು. ಸಾಹಿತಿಯ ಬೆಲೆ ಇಳಿಯುವುದು ಎಲ್ಲ ದೇಶದಲ್ಲಿಯೂ ಇದ್ದದ್ದೇ ಎಂದು ನಮ್ಮ ಸಾಹಿತ್ಯದ ಮಿತ್ರರು ಸಮಾಧಾನ ಪಡಬಹುದು.

ಸೊನ್ನೆ ಅಳಿಸುವುದು ಲೆಕ್ಕದ ಅನುಕೂಲಕ್ಕಾಗಿ, ಅದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಆದರೆ ಅದನ್ನೇ ಔಷಧವೆಂದು ಜನರಿಗೆ ಕುಡಿಸಿದ್ದು ತಪ್ಪೆಂದು ನನ್ನ ಅಭಿಪ್ರಾಯ. ಸರಕಾರ ಆದಾಯಕ್ಕೆ ಮೀರಿ ಖರ್ಚು ಮಾಡುತ್ತಿತ್ತು. 1960ರಲ್ಲಿ ಉದ್ಘಾಟನೆಯಾದ ಬ್ರೆಸಿಲಿಯಾ ಎಂಬ ಭವ್ಯ ರಾಜಧಾನಿಯ ವೆಚ್ಚಕ್ಕೂ ಬಹುಮಟ್ಟಿಗೆ ನೋಟಿನ ಅಚ್ಚುಯಂತ್ರವೇ ಆಧಾರ. 1964ರಿಂದ ಸಾಲಪತ್ರಗಳನ್ನೂ ಕ್ರಮೇಣ ಠೇವಣಿ, ಬಾಡಿಗೆಗಳನ್ನೂ ಬೆಲೆಯೇರಿಕೆಗೆ ತಕ್ಕಂತೆ ತಾವಾಗಿಯೇ ಏರುವ ಹಾಗೆ ಕಟ್ಟಿಹಾಕಿದರು. ಇದರಿಂದ ನಿನ್ನೆಯ ಏರಿಕೆಯೇ ನಾಳೆಯ ಏರಿಕೆಗೆ ಕಾರಣವಾಯಿತು.

ಈ ಏರ್ಪಾಡಿನಿಂದ ಬ್ಯಾಂಕಿನಲ್ಲಿ ಹಣವಿಟ್ಟವರಿಗೆ ರಕ್ಷಣೆ ದೊರೆಯಿತು, ದಿನಗೂಲಿಯವನಿಗೆ ದೊರೆಯಲಿಲ್ಲ. ಅವನ ಹಣ ಜೇಬಿನಲ್ಲಿಯೇ ಕರಗುತ್ತಿತ್ತು. ಸಂಬಳ ಬಂದ ದಿನವೇ ಜನರು ಅಂಗಡಿಗೆ ಓಡಿ ತಿಂಗಳ ದಿನಸಿ ಕೊಳ್ಳುತ್ತಿದ್ದರು. ನನ್ನ ತಂದೆಯವರು ಕೂಲಿಯ ಹಣವನ್ನು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಡುವವರು. ಆದ್ದರಿಂದಲೋ ಏನೋ, ಪುಸ್ತಕದಲ್ಲಿ ಇದನ್ನು ಓದುವಾಗ ನನಗೆ ಶೇಕಡಾವಾರು ಲೆಕ್ಕ ಕಾಣಲಿಲ್ಲ, ಟ್ರಂಕು ಕಂಡಿತು.

1986ರ ಫೆಬ್ರವರಿಯಲ್ಲಿ ಅಧ್ಯಕ್ಷ ಸಾರ್ನೆ ಎಲ್ಲ ಬೆಲೆಗಳನ್ನೂ ಸ್ಥಗಿತಗೊಳಿಸಿದರು. ಜನಸಾಮಾನ್ಯರೇ ‘ಸಾರ್ನೆಯ ತಪಾಸಣಾಧಿಕಾರಿ’ಗಳಾಗಿ ಬಿಲ್ಲೆ ಧರಿಸಿ ಅಂಗಡಿಗಳನ್ನು ಕಾದರು. ಬೆಲೆ ನಿಂತಿತು, ಸರಕು ಮಾಯವಾಯಿತು. 1990ರ ಮಾರ್ಚಿನಲ್ಲಿ ಅಧ್ಯಕ್ಷ ಕೊಲ್ಲೋರ್ ಇನ್ನೂ ಮುಂದೆ ಹೋಗಿ, 50,000 ಹೊಸ ಕ್ರುಜಾಡೊಗಳಿಗೆ ಮೀರಿದ ಠೇವಣಿಗಳನ್ನು ಹದಿನೆಂಟು ತಿಂಗಳು ಮುಟ್ಟದಂತೆ ತಡೆಹಿಡಿದರು. ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಕೂಡಿಟ್ಟವನ ಗತಿಯೇನು? ಇದನ್ನು ದಿಟ್ಟ ಕ್ರಮವೆಂದು ಹೊಗಳಿದವರೂ ಇದ್ದರು. ನಾನಂತೂ ಹೊಗಳಲಾರೆ. ಅಷ್ಟಾದರೂ 1993ರಲ್ಲಿ ಹಣದುಬ್ಬರ ವರ್ಷಕ್ಕೆ ಶೇ. 2,400ನ್ನು ಮೀರಿತು.

ಕೊನೆಗೆ ಫಲಿಸಿದ ಉಪಾಯ ಬಹಳ ಸೋಜಿಗದ್ದು. ಪೆರ್ಸಿಯೊ ಅರೀದಾ, ಆಂದ್ರೆ ಲಾರಾ ರೆಸೆಂದೆ ಎಂಬ ಅರ್ಥಶಾಸ್ತ್ರಜ್ಞರು 1984ರ ಸುಮಾರಿಗೇ ಅದನ್ನು ಸೂಚಿಸಿದ್ದರು. ಕಾರ್ಡೋಸೊ ಅರ್ಥಮಂತ್ರಿಯಾಗಿದ್ದಾಗ, 1994ರ ಮಾರ್ಚ್ 1ರಂದು, ನೋಟೂ ಇಲ್ಲದ ನಾಣ್ಯವೂ ಇಲ್ಲದ ಯು.ಆರ್.ವಿ. ಎಂಬ ಲೆಕ್ಕದ ಮಾನ ಜಾರಿಗೆ ಬಂದಿತು. ಸಂಬಳವನ್ನೂ ಬೆಲೆಯನ್ನೂ ಅದರಲ್ಲಿ ಬರೆಯುವುದು. ಕೊಡುವುದು ಮಾತ್ರ ಹಳೆಯ ನೋಟಿನಲ್ಲಿ. ಮೊದಲ ದಿನ ಒಂದು ಯು.ಆರ್.ವಿ.ಗೆ 647.50 ಕ್ರುಜೇರೊ ರಿಯಲ್ ಇದ್ದದ್ದು, ದಿನದಿನಕ್ಕೂ ಏರಿ ಜೂನ್ ಕೊನೆಗೆ 2,750 ಆಯಿತು. ನೋಟು ಕೊಳೆಯುತ್ತಿದ್ದರೂ ಅಂಗಡಿಯ ಹಲಗೆಯ ಮೇಲೆ ಯು.ಆರ್.ವಿ. ಬೆಲೆ ಹೆಚ್ಚುಕಡಿಮೆ ನಿಂತಲ್ಲಿಯೇ ನಿಂತದ್ದನ್ನು ಜನರು ನಾಲ್ಕು ತಿಂಗಳು ಕಣ್ಣಾರೆ ಕಂಡರು. ಜುಲೈ 1ರಂದು ಆ ಲೆಕ್ಕದ ಮಾನವೇ ‘ರಿಯಲ್’ ಎಂಬ ನೋಟಾಗಿ ಕೈಗೆ ಬಂದಿತು.

ಇದು ಕಣ್ಕಟ್ಟೆಂದು ಕೆಲವರು ಹೇಳುತ್ತಾರೆ. ಸರಕಾರದ ಖರ್ಚಿಗೆ ಕಡಿವಾಣ, ವಿಪರೀತ ಬಡ್ಡಿ, ಡಾಲರಿನ ಸಂಗ್ರಹ ಇವೂ ಜೊತೆಗಿದ್ದವು, ನಿಜ. ಆ ಬಡ್ಡಿಯಿಂದ ಕಷ್ಟಕ್ಕೆ ಸಿಕ್ಕಿದವರೂ ಇದ್ದಾರೆ. ಆದರೂ ಹಿಂದಿನ ಯೋಜನೆಗಳು ರಾತ್ರೋರಾತ್ರಿ ಜನರ ಮೇಲೆ ಬಂದೆರಗಿದವು. ಇದನ್ನು ಮುಂಚೆಯೇ ಸಾರಿ, ವಿವರಿಸಿ, ಜಾರಿಗೆ ತಂದರು. ಈ ವ್ಯತ್ಯಾಸಕ್ಕೆ ನಮ್ಮ ಪಠ್ಯಪುಸ್ತಕಗಳು ಒಂದು ವಾಕ್ಯವನ್ನೂ ಕೊಡದಿರುವುದು ನನಗೆ ಸರಿತೋರದು. 1994ರ ಜೂನಿನಲ್ಲಿ ಒಂದೇ ತಿಂಗಳಿಗೆ ಶೇ. 47ರಷ್ಟಿದ್ದ ಏರಿಕೆ ಆಗಸ್ಟಿನಲ್ಲಿ ಶೇ. 2ಕ್ಕಿಂತ ಕೆಳಗಿಳಿಯಿತು. ಬ್ಯಾಂಕಿನ ಮೆಟ್ಟಿಲು ಹತ್ತದ ಕೂಲಿಯವನೂ ಶನಿವಾರದ ಹಣವನ್ನು ಸೋಮವಾರಕ್ಕೆ ಉಳಿಸಿಕೊಳ್ಳುವಂತಾಯಿತು.