ಪೈಪಿನ ಬೆಳ್ಳಿ ಪಟ್ಟಿ ಮತ್ತು ಹೆಸರಿಲ್ಲದ ಕೈ



ಹೊಗೆಸೊಪ್ಪಿನ ಪೈಪ್ ಬಗ್ಗೆ ಬರೀತಿದ್ದೀನಿ ಅಂದ್ರೆ ಕೆಲವರು ನಗ್ತೀರಿ. ನಗಿ. ನಾನು ಬೀಡಿ ಕೂಡ ಸೇದೋನಲ್ಲ. ನನ್ನ ಮಾತು ಹೊಗೆ ಬಗ್ಗೆ ಅಲ್ಲ, ಆ ಪೈಪಿನ ಕತ್ತಿಗೆ ಸುತ್ತಿರೋ ಬೆರಳಗಲದ ಬೆಳ್ಳಿ ಪಟ್ಟಿ ಬಗ್ಗೆ.

ಇಂಗ್ಲೆಂಡ್, ಐರ್ಲೆಂಡ್ ಕಡೆ ಕೈಯಲ್ಲಿ ಮಾಡಿದ ಪೈಪಿಗೆ ಈ ಪಟ್ಟಿ ಹಾಕೋದು ಹಳೇ ರೂಢಿ. ಬಾಯಿಗಿಡೋ ಕೊಳವೆ ಬಂದು ಸೇರೋ ಜಾಗದಲ್ಲಿ ಮರ ತೆಳ್ಳಗಿರುತ್ತೆ, ಬಿರುಕು ಬಿಡುತ್ತೆ. ಅದನ್ನ ಬಿಗಿ ಹಿಡಿಯೋಕೆ ಪಟ್ಟಿ. ನಮ್ಮೂರಲ್ಲಿ ಕೋಲು ಸೀಳದ ಹಾಗೆ ಕಬ್ಬಿಣದ ಬಳೆ ಬಿಗೀತಾರಲ್ಲ, ಅದೇ ಕೆಲಸ.

ಬೆಳ್ಳಿ ಅಂದ್ರೆ ಸ್ಟರ್ಲಿಂಗ್, 1000 ಪಾಲಿಗೆ 925 ಬೆಳ್ಳಿ. ಮೇಲೆ ಸಣ್ಣ ಮುದ್ರೆಗಳು. ಲಂಡನ್ನಿನ ಪರೀಕ್ಷಾ ಕಚೇರಿಯದಾದ್ರೆ ಚಿರತೆ ತಲೆ, ಬರ್ಮಿಂಗ್‌ಹ್ಯಾಮಿನದಾದ್ರೆ ಲಂಗರು. ಪಕ್ಕದಲ್ಲಿ ಯಾರದೋ ಹೆಸರಿನ ಮೊದಲಕ್ಷರ ಇರುತ್ತೆ. ಜನ ಇದನ್ನ 'ಮೇಕರ್ಸ್ ಮಾರ್ಕ್' ಅಂತಾರೆ, ಮಾಡಿದವನ ಗುರುತು ಅಂತ. ಆದ್ರೆ ಅದರ ಈಗಿನ ಅಧಿಕೃತ ಹೆಸರು 'ಸ್ಪಾನ್ಸರ್ಸ್ ಮಾರ್ಕ್'. ಅಂದ್ರೆ ಪರೀಕ್ಷೆಗೆ ಒಪ್ಪಿಸಿದವರ ಗುರುತು. ಬೆಸುಗೆ ಹಾಕಿದ ಕೈ ಅದೇ ಆಗಿರಬೇಕು ಅಂತೇನಿಲ್ಲ. ಗುಮಾಸ್ತನಾದ ನನಗೆ ಇದು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ. ಕಡತ ಬರೆಯೋನು ಒಬ್ಬ, ಸಹಿ ಇನ್ನೊಬ್ಬರದು.

ಇನ್ನೊಂದು ತಮಾಷೆ. ಬ್ರಿಟನ್ನಿನಲ್ಲಿ 7.78 ಗ್ರಾಂಗಿಂತ ಕಮ್ಮಿ ತೂಕದ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. ತೆಳು ಪಟ್ಟಿಗಳು ಎಷ್ಟೋ ಸಲ ಅಷ್ಟು ತೂಗೋದೇ ಇಲ್ಲ. ಇತ್ತ ಡಬ್ಲಿನ್ನಿನ ಪೀಟರ್ಸನ್ ಪೈಪುಗಳ ನಿಕ್ಕಲ್ ಪಟ್ಟಿ ಮೇಲೆ ನಾಯಿ, ಗೋಪುರ, ಮೂರೆಲೆ ಸೊಪ್ಪಿನ ಚಿತ್ರ ಒತ್ತಿರ್ತಾರೆ, ನೋಡೋಕೆ ಥೇಟ್ ಹಾಲ್‌ಮಾರ್ಕ್ ಥರ. ಮುದ್ರೆ ನೋಡಿ ಕೈಮುಗಿಯೋರು ಎಲ್ಲಾ ದೇಶದಲ್ಲೂ ಇದ್ದಾರೆ.

ನಮ್ಮ ಕಾಲೊನಿ ಹುಡುಗ ಒಬ್ಬ ಬೆಂಗಳೂರಲ್ಲಿ ಬೆಳ್ಳಿ ಪಾಲಿಶ್ ಕೆಲಸಕ್ಕೆ ಹೋಗ್ತಾನೆ. ಎಂಟು ವರ್ಷ ಆಯ್ತು. ದಿನಪೂರ್ತಿ ಚಕ್ರದ ಮುಂದೆ, ಸಂಜೆ ಕೆಮ್ಮಿದ್ರೆ ಕಪ್ಪು ಉಗುಳು. ಅವನೇ ನನಗೆ ಈ ಪಟ್ಟಿ ಮಾಡೋ ವಿಡಿಯೋ ತೋರಿಸಿ "ಇದು ನಂಗೂ ಬರುತ್ತಲ್ಲಣ್ಣ" ಅಂದವನು. ಒಂದ್ಸಲ ಬೆಸುಗೆ ಕಲಿಸಿ ಅಂತ ಕೇಳಿದ್ದಕ್ಕೆ "ನಿಮ್ಮೋರಿಗೆ ಆ ಕೈ ಬರಲ್ಲ" ಅಂದ್ರಂತೆ.

ಏನಿದೆ ಆ ಕೈಯಲ್ಲಿ? ಅರ್ಧ ಮಿಲಿಮೀಟರ್ ದಪ್ಪದ ಹಾಳೆ ತಗೊಳ್ಳಿ. ಕತ್ತಿನ ವ್ಯಾಸಕ್ಕೆ ಹಾಳೆ ದಪ್ಪ ಕೂಡಿಸಿ 3.14ರಿಂದ ಗುಣಿಸಿ. 16 ಮಿಲಿಮೀಟರ್ ಕತ್ತಾದ್ರೆ ಸುಮಾರು 52 ಮಿಲಿಮೀಟರ್ ಪಟ್ಟಿ. ಎರಡೂ ತುದಿ ನಡುವೆ ಬೆಳಕು ಕಾಣದ ಹಾಗೆ ಅರ ಹಾಕಿ ಕೂಡಿಸಬೇಕು. ಬಿಳಿಗಾರ ಹಚ್ಚಿ, ಚೂರು ಬೆಸುಗೆ ಇಟ್ಟು, ಉರಿಯನ್ನ ಇಡೀ ಬಳೆಗೆ ಸಮವಾಗಿ ತೋರಿಸಬೇಕು. ಬೆಸುಗೆ ಕಾವು ಇರೋ ಕಡೆಗೇ ಹರಿಯೋದು. ಉರಿ ಮಿತಿಮೀರಿ 890 ಡಿಗ್ರಿ ಆಸುಪಾಸು ಮುಟ್ಟಿತೋ, ಪಟ್ಟಿ ಕರಗಿ ಉಂಡೆ. ಆಮೇಲೆ ಆಮ್ಲದಲ್ಲಿ ಅದ್ದಿ, ಕಬ್ಬಿಣದ ಕೋಲಿಗೆ ಹಾಕಿ ಮರದ ಸುತ್ತಿಗೆಯಲ್ಲಿ ಗುಂಡಗೆ ಮಾಡೋದು, ಉಜ್ಜೋದು, ಅಂಟು ಹಾಕಿ ಪೈಪಿಗೆ ಕೂರಿಸೋದು. ಹತ್ತು ಪಟ್ಟಿ ಹಾಳಾದ್ರೆ ಹನ್ನೊಂದನೇದು ನಿಲ್ಲುತ್ತೆ. ಬೆಳ್ಳಿ ಬೇಡ, ಮೊದಲು ತಾಮ್ರದಲ್ಲೇ ಕಲೀಬಹುದು.

ಇಂದೋರ್ ಕಡೆ ಬಲಾಯಿ ಜಾತಿಯ ಹೆಂಗಸರು ಬೆಳ್ಳಿ, ಬಂಗಾರ ಹಾಕಬಾರದು ಅಂತ ಮೇಲ್ಜಾತಿಯೋರು ಕಟ್ಟಪ್ಪಣೆ ಮಾಡಿದ್ದು 1928ರ ಪತ್ರಿಕೆಯಲ್ಲೇ ಬಂದಿತ್ತು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಅದನ್ನ ದಾಖಲು ಮಾಡಿದ್ದಾರೆ. ಇವತ್ತು ಹಾಕ್ಕೊಳ್ಳೋಕೆ ಅಡ್ಡಿ ಇಲ್ಲ, ಉಜ್ಜೋಕೂ ಅಡ್ಡಿ ಇಲ್ಲ. ಬೆಸೆಯೋ ಉರಿ ಮಾತ್ರ ನಮ್ಮ ಕೈಗೆ ಕೊಡಲ್ಲ. ಬ್ರಿಟನ್ನಿನ ಪರೀಕ್ಷಾ ಕಚೇರಿಯೇನೂ ಸ್ವರ್ಗ ಅಲ್ಲ, ಆದ್ರೆ ಶುಲ್ಕ ಕಟ್ಟಿದ್ರೆ ಸ್ವಂತ ಗುರುತು ನೋಂದಾಯಿಸ್ತಾರೆ, ಅಪ್ಪ ಯಾವ ಕೆಲಸ ಮಾಡ್ತಿದ್ದ ಅಂತ ಕೇಳಲ್ಲ.

ನಿಮ್ಮಲ್ಲಿ ಬೆಳ್ಳಿ ಬೆಸುಗೆ ಬಲ್ಲವರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಭಾನುವಾರ ಎರಡು ಗಂಟೆ ಸಾಕು. ತಾಮ್ರದ ಹಾಳೆ, ಬಿಳಿಗಾರ, ಗ್ಯಾಸಿನ ಖರ್ಚು ನಂದು. ಹುಡುಗ ರೆಡಿ ಇದ್ದಾನೆ, ಅವನ ಜೊತೆ ಇನ್ನೂ ಮೂರು ಜನ ಬರ್ತೀವಿ ಅಂದಿದ್ದಾರೆ, ಅದ್ರಲ್ಲಿ ಇಬ್ಬರು ಹೆಣ್ಮಕ್ಕಳು.